ಮಿಕ್ಸರ್‌ಗಿಂತ ಮೊದಲು ಮಲ್ಟಿಮೀಟರ್: ಬಯಲಾಟದ ಅಟ್ಟಕ್ಕೆ ಸೌಂಡ್ ಕಟ್ಟುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಸೌಂಡ್ ಕಟ್ಟುವವರ ಹತ್ತಿರ ಸಾಮಾನ್ಯವಾಗಿ ಇರುವುದು 12 ಅಥವಾ 16 ಚಾನೆಲ್‌ನ ಅನಲಾಗ್ ಮಿಕ್ಸರ್, ಅಂದರೆ ಹಲವು ಮೈಕುಗಳ ದನಿಯನ್ನು ಬೆರೆಸಿ ಆಂಪ್ಲಿಫೈಯರಿಗೆ ಕಳಿಸುವ ಪೆಟ್ಟಿಗೆ. ಬಯಲಾಟ, ಭಜನೆ, ತತ್ವಪದ, ಶಾಲೆಯ ವಾರ್ಷಿಕೋತ್ಸವ, ಜಾತ್ರೆಯ ವೇದಿಕೆ, ಎಲ್ಲಕ್ಕೂ ಅದೇ ಪೆಟ್ಟಿಗೆ ಹೋಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಬಂದ ಕೂಡಲೇ ದಪ್ಪ, ತೆಳು ಸದ್ದು ಏರಿಳಿಸುವ ಈಕ್ವಲೈಸರ್ ಗುಂಡಿ ತಿರುವಲು ಕೈ ಹಾಕುತ್ತಾರೆ. ನಾನು ಅವರ ಕೈಗೆ ಮೊದಲು ಕೊಡುವುದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಸೌಂಡಿನಲ್ಲಿ ಬರುವ ತೊಂದರೆಗಳಲ್ಲಿ ಹೆಚ್ಚಿನವು ಮಿಕ್ಸರ್‌ನೊಳಗೆ ಹುಟ್ಟುವುದಿಲ್ಲ. ಕರೆಂಟಿನಲ್ಲಿ, ಕೇಬಲ್ಲಿನ ತುದಿಯಲ್ಲಿ, ಮೈಕ್ ಹಿಡಿದ ಕೈಯಲ್ಲಿ ಹುಟ್ಟುತ್ತವೆ. ಆ ಮೂರನ್ನು ಸರಿಮಾಡಿಕೊಂಡರೆ ಮಿಕ್ಸರ್ ಮುಂದೆ ಕೂತವನಿಗೆ ಮಾಡಲು ಬಹಳ ಕಡಿಮೆ ಕೆಲಸ ಉಳಿಯುತ್ತದೆ.

ಕರೆಂಟ್ ಮತ್ತು ಅರ್ಥಿಂಗ್

ನಮ್ಮಲ್ಲಿ ಮೇನ್ಸ್ 230 ವೋಲ್ಟ್, 50 ಹರ್ಟ್ಸ್. ಶಾಮಿಯಾನದವರು ಎಳೆದುಕೊಟ್ಟ ಬೋರ್ಡಿನಲ್ಲಿ ಮೂರು ಅಳತೆ ತೆಗೆಯುತ್ತೇನೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ 207ರಿಂದ 253ರೊಳಗೆ ಇರಬೇಕು. ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಬೋರ್ಡಿನ ಮೇಲೆ ಏನೂ ಲೋಡ್ ಇಲ್ಲದಾಗ ಒಮ್ಮೆ, ಹ್ಯಾಲೋಜನ್ ದೀಪ ಹೊತ್ತಿಸಿ ಇನ್ನೊಮ್ಮೆ ಅಳೆಯಬೇಕು. ಲೋಡ್ ಹಾಕಿದಾಗ ಒಂದು ಫೇಸ್ 150ಕ್ಕೆ ಇಳಿದು ಮತ್ತೊಂದು ಫೇಸ್ 300ರ ಕಡೆಗೆ ಏರಿದರೆ ನ್ಯೂಟ್ರಲ್ ಸಡಿಲವಾಗಿದೆ ಎಂದೇ ಅರ್ಥ. ಎರಡು ಫೇಸ್‌ಗಳ ನಡುವೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಬಿಟ್ಟುಹೋದರೆ ಅದು ಎರಡೂ ಕಡೆಯ ಲೋಡುಗಳ ನಡುವೆ ಹಂಚಿಹೋಗುತ್ತದೆ, ಕಡಿಮೆ ಲೋಡ್ ಇದ್ದ ಕಡೆಗೆ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಸೌಂಡಿನ ಸಾಮಾನು ಸಾಮಾನ್ಯವಾಗಿ ಇರುವುದೇ ಆ ಕಡೆ. ಇಂಥ ಬೋರ್ಡಿಗೆ ಮಿಕ್ಸರ್ ಚುಚ್ಚುವ ಮಾತೇ ಇಲ್ಲ.

ಅರ್ಥ್ ಇದೆಯೋ ಇಲ್ಲವೋ ಎಂಬುದನ್ನು ಮಲ್ಟಿಮೀಟರ್ ಒಂದರಿಂದಲೇ ನಂಬಬಾರದು. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ತುಕ್ಕು ಹಿಡಿದ ಒಂದು ಎಳೆ ಮಣ್ಣಿಗೆ ತಾಗಿದ್ದರೂ ಅದು 230 ತೋರಿಸುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ಹಳೆಯ ಬಲ್ಬ್ ಹಚ್ಚಿಸಿ ನೋಡುವುದು ವಾಸಿ. ಫೇಸ್–ನ್ಯೂಟ್ರಲ್ ನಡುವೆ ಉರಿದಷ್ಟೇ ಬೆಳಕು ಬಂದರೆ ಅರ್ಥ್ ಗಟ್ಟಿ. ಮಂಕಾಗಿ ಉರಿದರೆ ಅದು ಹೆಸರಿಗೆ ಮಾತ್ರ. ಈ ಪರೀಕ್ಷೆಯ ಹೊತ್ತಿನಲ್ಲಿ ಬೋರ್ಡಿಗೆ ಬೇರೇನೂ ಚುಚ್ಚಿರಬಾರದು, ಅರ್ಥ್ ತಂತಿಯನ್ನು ಯಾರೂ ಮುಟ್ಟಿರಬಾರದು. ಅರ್ಥ್ ಕೆಟ್ಟಿದ್ದರೆ ಆ ಕ್ಷಣ ತಂತಿಗೆ ಪೂರ್ತಿ ಫೇಸ್ ಬರುತ್ತದೆ. ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ಕತ್ತರಿಸುವ ಸ್ವಿಚ್) ಇದ್ದರೆ ಬಲ್ಬ್ ಹೊತ್ತುವ ಮೊದಲೇ ಅದು ಬೀಳುತ್ತದೆ. ಹಾಗೆ ಬೀಳುವುದೇ ಸರಿ.

ನಮ್ಮ ಭಾಗದ ನೆಲ ಅರ್ಥಿಂಗಿಗೆ ಅಷ್ಟು ಅನುಕೂಲವಲ್ಲ. ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಮಣ್ಣು ಹಸಿ ಇದ್ದಾಗ ಚೆನ್ನಾಗಿ ಹಿಡಿಯುತ್ತದೆ; ಏಪ್ರಿಲ್ ಹೊತ್ತಿಗೆ ಬಿರಿದು, ಅರ್ಥಿಂಗಿಗೆಂದು ನೆಲಕ್ಕೆ ಬಡಿದ ರಾಡಿನ ಸುತ್ತ ಸಂದು ಬಿಡುತ್ತದೆ. ಗಂಗಾವತಿ, ಕೊಪ್ಪಳದ ಕಲ್ಲುನೆಲದಲ್ಲಿ ಎರಡು ಅಡಿಗೆ ಬಂಡೆ ಸಿಕ್ಕು ರಾಡ್ ಇಳಿಯುವುದೇ ಇಲ್ಲ. ಎರೆ ನೆಲದಲ್ಲಿ ರಾಡಿನ ಬುಡಕ್ಕೆ ಉಪ್ಪುನೀರು ಹೊಯ್ದು ಮಣ್ಣು ಮೆತ್ತಗಾಗುವ ತನಕ ಕಾಯುತ್ತೇವೆ. ಕಲ್ಲುನೆಲದಲ್ಲಿ ರಾಡನ್ನೇ ಅಡ್ಡ ಮಲಗಿಸಿ, ಉದ್ದಕ್ಕೂ ಗುಂಡಿ ತೋಡಿ ಹಸಿ ಮಣ್ಣಿನಲ್ಲಿ ಹೂಳಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ ರಾಡಿನ ರೆಸಿಸ್ಟೆನ್ಸ್ 50 ಓಮ್ ಉಳಿಯಿತು ಎಂದುಕೊಳ್ಳಿ. ಆಂಪ್ಲಿಫೈಯರಿನ ಕವಚಕ್ಕೆ ಫೇಸ್ ತಾಗಿದರೆ ರಾಡಿನ ಮೂಲಕ ಹರಿಯುವುದು 230 ಭಾಗ 50, ಅಂದರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ (ಲೋಡ್ ಮಿತಿ ಮೀರಿದರೆ ಬೀಳುವ ಸ್ವಿಚ್) ಇದಕ್ಕೆ ಅಲುಗಾಡುವುದಿಲ್ಲ, ಕವಚದಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸುತ್ತದೆ. ಆದ್ದರಿಂದ ಸೌಂಡಿನ ಬೋರ್ಡಿಗೆ ನಮ್ಮದೇ ಆರ್‌ಸಿಸಿಬಿ ಇರುವ ಡಬ್ಬಿ ಒಯ್ಯುವುದು ಕಡ್ಡಾಯ. ಪ್ರತಿ ಕಾರ್ಯಕ್ರಮದಲ್ಲೂ ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ನೋಡಬೇಕು.

ಜನರೇಟರ್ ಆದರೆ ಇನ್ನೊಂದು ಮಾತಿದೆ. ಬಾಡಿಗೆಗೆ ಸಿಗುವ ಹಲವು ಜನರೇಟರ್‌ಗಳಲ್ಲಿ ನ್ಯೂಟ್ರಲ್ ಯಾವುದಕ್ಕೂ ಕಟ್ಟಿರುವುದಿಲ್ಲ. ನ್ಯೂಟ್ರಲನ್ನು ಜನರೇಟರಿನ ಚೌಕಟ್ಟಿಗೂ ಅರ್ಥ್ ರಾಡಿಗೂ ಜೋಡಿಸದಿದ್ದರೆ ಸೋರಿದ ಕರೆಂಟಿಗೆ ಮರಳುವ ದಾರಿಯೇ ಇಲ್ಲ, ಆರ್‌ಸಿಸಿಬಿ ಕುರುಡಾಗಿ ಕೂತಿರುತ್ತದೆ. ಈ ಜೋಡಣೆ ಎಲೆಕ್ಟ್ರಿಷಿಯನ್ ಕೆಲಸ. ಆಗಿದೆಯೇ ಎಂದು ಕೇಳುವುದು ನಮ್ಮ ಕೆಲಸ. ಜನರೇಟರ್ ಶುರುವಾಗಿ, ದೀಪಗಳ ಲೋಡ್ ಕೂತು, ವೋಲ್ಟೇಜ್ ಒಂದು ಕಡೆ ನಿಂತ ಮೇಲೆಯೇ ಸೌಂಡ್ ಚುಚ್ಚಬೇಕು. ಡೀಸೆಲ್ ಮುಗಿಯುತ್ತ ಬಂದಾಗ ವೋಲ್ಟೇಜ್ ಜೋಲಿ ಹೊಡೆಯುತ್ತದೆ. ಇಡೀ ರಾತ್ರಿಯ ಆಟಕ್ಕೆ ಎಷ್ಟು ಹೊತ್ತಿಗೆ ನಿಲ್ಲಿಸಿ ತುಂಬಿಸುವುದೆಂದು ಮೇಳದವರ ಜೊತೆ ಮೊದಲೇ ಮಾತಾಡಿಕೊಳ್ಳುತ್ತೇನೆ.

ಸೌಂಡಿನ ಸಾಮಾನೆಲ್ಲ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಬೇಕು. ಮಿಕ್ಸರ್ ಜನರ ನಡುವೆ 30 ಮೀಟರ್ ದೂರದಲ್ಲಿ ಕೂತು ಅಲ್ಲಿಯ ಮನೆಯೊಂದರಿಂದ ಕರೆಂಟ್ ಎಳೆದು, ಕೀಬೋರ್ಡ್ ಮತ್ತು ಆಂಪ್ಲಿಫೈಯರ್ ಅಟ್ಟದ ಬೋರ್ಡಿಗೆ ಚುಚ್ಚಿದರೆ ಎರಡು ಅರ್ಥ್‌ಗಳ ನಡುವಿನ ವ್ಯತ್ಯಾಸ ಕೇಬಲ್ಲಿನ ಶೀಲ್ಡ್ (ಎಳೆಗಳ ಸುತ್ತಿನ ಲೋಹದ ಹೊದಿಕೆ) ಮೂಲಕ ಹರಿದು 'ಗುಂಯ್' ಎನ್ನುವ ಹಮ್ ಹುಟ್ಟುತ್ತದೆ. ಎಲ್ಲ ಮೈಕಿನ ಎಳೆಗಳನ್ನು ಒಟ್ಟಾಗಿ ತರುವ ಸ್ನೇಕ್ ಕೇಬಲ್ಲಿನ ಜೊತೆಗೇ 2.5 ಚದರ ಮಿಲಿಮೀಟರಿನ ಮೂರೆಳೆ ವೈರ್ ಓಡಿಸಿ ಅಟ್ಟದ ಬೋರ್ಡಿನಿಂದಲೇ ಮಿಕ್ಸರಿಗೂ ಕರೆಂಟ್ ತರುತ್ತೇನೆ, ಎರಡರ ನಡುವೆ ಒಂದು ಅಡಿ ಅಂತರ ಬಿಟ್ಟು. ವೈರಿನ ರೀಲ್ ಪೂರ್ತಿ ಬಿಚ್ಚಬೇಕು. ಸುತ್ತಿದ್ದಂತೆಯೇ ಬಿಟ್ಟರೆ ಒಳಗೆ ಕಾದು ರಬ್ಬರ್ ಕರಗುತ್ತದೆ. ಬಣ್ಣದ ದೀಪ, ಡಿಮ್ಮರ್, ಸೀರಿಯಲ್ ಸೆಟ್ ಬೇರೆ ಫೇಸಿನಲ್ಲಿರಲಿ.

ಹಮ್ ಬಂದಾಗ ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥ್ ಪಿನ್ ಮುರಿದು ಹಾಕುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹಮ್ ಹೋಗುತ್ತದೆ, ನಿಜ. ಆದರೆ ಮೈಕಿನ ಜಾಲರಿ, ಕೇಬಲ್ಲಿನ ಶೀಲ್ಡ್, ಮಿಕ್ಸರಿನ ಕವಚ, ಇವೆಲ್ಲ ಒಂದೇ ತಂತಿಯಲ್ಲಿ ಕೂಡಿರುತ್ತವೆ. ಮಿಕ್ಸರಿನ ಅರ್ಥ್ ಹೋದರೆ ಆ ತಂತಿ ಭೂಮಿ ಸೇರಲು ಉಳಿಯುವ ದಾರಿ ಹಾಡುವವರ ತುಟಿ ಮತ್ತು ಬರಿಗಾಲು. ಹಾಗಾಗಿ ಎಲ್ಲ ಜೋಡಣೆ ಮುಗಿದ ಮೇಲೆ, ಕಲಾವಿದರು ಅಟ್ಟ ಹತ್ತುವ ಮೊದಲು, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಮುಳ್ಳು ಮೈಕಿನ ಜಾಲರಿಗೆ, ಇನ್ನೊಂದು ಅಟ್ಟದ ಕಬ್ಬಿಣದ ಕಂಬಕ್ಕೆ ಹಿಡಿಯುತ್ತೇನೆ. ಆಮೇಲೆ ಮೈಕಿನಿಂದ ಮೈಕಿಗೆ, ಮೈಕಿನಿಂದ ಕೀಬೋರ್ಡಿನ ಜಾಕಿಗೆ. ಒಂದು ವೋಲ್ಟಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. 100ರಿಂದ 115ರ ಆಸುಪಾಸು ತೋರಿಸಿದರೆ ಎಲ್ಲೋ ಅರ್ಥ್ ತುಂಡಾಗಿದೆ. ಎಸ್‌ಎಂಪಿಎಸ್ ಪವರ್ ಸಪ್ಲೈಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕವಚಕ್ಕೆ ಚಿಕ್ಕ ಕೆಪಾಸಿಟರ್ ಕೂಡಿಸಿರುತ್ತಾರೆ. ಅರ್ಥ್ ಇಲ್ಲದಾಗ ಕವಚವು ಮೇನ್ಸಿನ ಅರ್ಧದಷ್ಟು ವೋಲ್ಟೇಜಿನಲ್ಲಿ ತೇಲುವುದು ಇದರಿಂದಲೇ. ಈ ಕೆಪಾಸಿಟರ್‌ಗಳಿಂದ ಬರುವ ಶಾಕ್ ಜುಮ್ಮೆನ್ನುವಷ್ಟೇ ಇರುತ್ತದೆ. ಆದರೆ ಅದು ಕೆಪಾಸಿಟರಿನದೋ, ಫೇಸ್ ನೇರ ತಾಗಿದ್ದರಿಂದ ಬಂದದ್ದೋ ಎಂದು ಬೆರಳು ಹೇಳಲಾರದು. ಮುಟ್ಟಿ ನೋಡುವ ಅಭ್ಯಾಸವನ್ನು ಯಾರಿಗೂ ಕಲಿಸಬೇಡಿ.

ಕೇಬಲ್ ಮತ್ತು ಜೋಡಣೆ

ಮೈಕಿನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ 1ನೇ ಪಿನ್ ಶೀಲ್ಡ್, 2 ಹಾಟ್, 3 ಕೋಲ್ಡ್. ಸಿಗ್ನಲ್ 2 ಮತ್ತು 3ರಲ್ಲಿ ಒಂದಕ್ಕೊಂದು ತಿರುಗುಮುರುಗಾಗಿ ಬರುತ್ತದೆ. ದಾರಿಯಲ್ಲಿ ಅಂಟಿದ ಗದ್ದಲ ಎರಡರಲ್ಲೂ ಒಂದೇ ಬಗೆಯಲ್ಲಿರುವುದರಿಂದ ಮಿಕ್ಸರ್ ಎರಡರ ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ. 50 ಮೀಟರ್ ಓಡಿಸಿದರೂ ಹಮ್ ಬಾರದಿರುವುದು ಇದರಿಂದ. ಗಿಟಾರಿನ ಎರಡು ಭಾಗದ ಜಾಕ್ ಕೇಬಲ್ಲಿಗೆ ಈ ಗುಣವಿಲ್ಲ, ಐದಾರು ಮೀಟರಿಗೆ ಅದು ಮುಗಿಯಿತು. ಕೀಬೋರ್ಡು, ರಿದಂ ಪ್ಯಾಡಿಗೆ ಅಟ್ಟದ ಮೇಲೆಯೇ ಡಿಐ ಬಾಕ್ಸ್ (ಜಾಕಿನ ಸಿಗ್ನಲ್ಲನ್ನು ಎಕ್ಸ್‌ಎಲ್‌ಆರ್ ಬಗೆಗೆ ಬದಲಿಸುವ ಡಬ್ಬಿ) ಇಟ್ಟು ಅಲ್ಲಿಂದ ಎಕ್ಸ್‌ಎಲ್‌ಆರ್ ತರಬೇಕು. ಹಮ್ ಉಳಿದಿದ್ದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್ಲಿನ ಶೀಲ್ಡನ್ನು ಮಾತ್ರ ಬಿಡಿಸುತ್ತದೆ, ಪ್ಲಗ್ಗಿನ ಅರ್ಥ್‌ಗೆ ಕೈ ಹಚ್ಚುವುದಿಲ್ಲ. ಹಮ್ಮಿಗೆ ಸರಿಯಾದ ಮದ್ದು ಅದೇ.

ಮೊಬೈಲು, ಲ್ಯಾಪ್‌ಟಾಪಿನಿಂದ ಹಾಡು ಹಾಕುವಾಗ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ: ವಾದ್ಯಗಳು ಕೇಳಿಸುತ್ತವೆ, ಹಾಡುವವರ ದನಿ ಮಾತ್ರ ಮಾಯ. ಮೊಬೈಲಿನ ಮೂರು ಭಾಗದ ಸ್ಟೀರಿಯೋ ಪಿನ್ನಿನಿಂದ ನೇರವಾಗಿ ಮಿಕ್ಸರಿನ ಮಾನೋ ಚಾನೆಲ್ಲಿನ ಬ್ಯಾಲೆನ್ಸ್ಡ್ ಜಾಕಿಗೆ ಹಾಕಿದ್ದರ ಫಲ ಅದು. ಆ ಜಾಕ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡರಲ್ಲೂ ಸಮನಾಗಿರುವ ದನಿ ಸೊನ್ನೆಯಾಗುತ್ತದೆ. ಸ್ಟೀರಿಯೋ ಪಿನ್ನಿನಿಂದ ಎರಡು ಮಾನೋ ಜಾಕಿಗೆ ಒಡೆಯುವ ಕೇಬಲ್ ತಂದು ಮಿಕ್ಸರಿನ ಸ್ಟೀರಿಯೋ ಚಾನೆಲ್ಲಿಗೆ ಕೊಡಿ.

ಫ್ಯಾಂಟಮ್ ಪವರ್ ಅಂದರೆ 2 ಮತ್ತು 3ನೇ ಪಿನ್ನಿಗೆ ಮಿಕ್ಸರ್ ಕಳಿಸುವ 48 ವೋಲ್ಟ್ ಡಿಸಿ. ಕಂಡೆನ್ಸರ್ ಮೈಕಿಗೆ, ಆಕ್ಟಿವ್ ಡಿಐಗೆ ಅದು ಬೇಕು. ಸಾಮಾನ್ಯ ಡೈನಮಿಕ್ ಮೈಕಿಗೆ, ಕೇಬಲ್ ನೆಟ್ಟಗಿದ್ದರೆ, ಅದರಿಂದ ಅಪಾಯವಿಲ್ಲ. ಕಡಿಮೆ ಬೆಲೆಯ ಮಿಕ್ಸರ್‌ಗಳಲ್ಲಿ ಎಲ್ಲ ಚಾನೆಲ್ಲಿಗೂ ಒಂದೇ ಸ್ವಿಚ್ಚು ಇರುವುದರಿಂದ, ಯಾರೋ ಮೊಬೈಲನ್ನು ಎಕ್ಸ್‌ಎಲ್‌ಆರ್ ಅಡಾಪ್ಟರ್ ಹಾಕಿ ಚುಚ್ಚಿದ್ದರೆ ಅದರ ಹೆಡ್‌ಫೋನ್ ಸರ್ಕ್ಯೂಟ್ ಸುಟ್ಟೀತು. ಸ್ವಿಚ್ ಒತ್ತುವ ಮೊದಲು ಎಲ್ಲ ಚಾನೆಲ್ ಮ್ಯೂಟ್ ಮಾಡಿ, ಒತ್ತಿದ ಮೇಲೆ ಹತ್ತು ಸೆಕೆಂಡ್ ಬಿಡಿ. ಫ್ಯಾಂಟಮ್ ಇರುವಾಗ ಮೈಕ್ ಕೀಳುವುದು ಸಿಕ್ಕಿಸುವುದು ಮಾಡಿದರೆ ಬರುವ 'ಢಬ್' ಸದ್ದು ಸ್ಪೀಕರಿನ ಕಾಯಿಲನ್ನೇ ಹರಿಯಬಲ್ಲದು.

ಹಾರ್ನ್ ಕಟ್ಟುವ ಕಡೆ 100 ವೋಲ್ಟ್ ಲೈನಿನ (ಆಂಪ್ಲಿಫೈಯರ್ ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದ್ದನ್ನು ಪ್ರತಿ ಹಾರ್ನಿನ ಟ್ರಾನ್ಸ್‌ಫಾರ್ಮರ್ ಇಳಿಸಿಕೊಳ್ಳುವ ಬಗೆ) ಲೆಕ್ಕ ಸುಲಭ: ಹಾರ್ನ್‌ಗಳ ಟ್ರಾನ್ಸ್‌ಫಾರ್ಮರ್ ವ್ಯಾಟ್ ಕೂಡಿಸಿ, ಮೊತ್ತ ಆಂಪ್ಲಿಫೈಯರಿನ ವ್ಯಾಟಿನ ಶೇ. 80 ದಾಟಬಾರದು. 30 ವ್ಯಾಟಿನ ನಾಲ್ಕು ಹಾರ್ನಿಗೆ 160 ವ್ಯಾಟಿನ ಆಂಪ್ಲಿಫೈಯರ್ ಸಾಕು. 100 ವೋಲ್ಟ್ ಟರ್ಮಿನಲ್ ಬಳಸಿದರೆ 4 ಅಥವಾ 8 ಓಮ್ ಟರ್ಮಿನಲ್ಲಿಗೆ ಏನನ್ನೂ ಹಚ್ಚಬೇಡಿ. ಆ ಲೈನಿನಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇರುತ್ತದೆ. ಬೇವಿನ ಮರಕ್ಕೆ ಕಟ್ಟಿದ ಜೋಡಣೆ ಬರಿ ತಂತಿಯಾಗಿ ನೇತಾಡಬಾರದು. ಹಾರ್ನಿನ ಯೂನಿಟ್ಟಿಗೆ ಮಂದ್ರ ಸದ್ದು ತಡೆಯುವ ಶಕ್ತಿಯಿಲ್ಲ, 300 ಹರ್ಟ್ಸ್‌ಗಿಂತ ಕೆಳಗಿನದನ್ನು ಈಕ್ವಲೈಸರಿನಲ್ಲಿ ಕತ್ತರಿಸಿಯೇ ಕಳಿಸಬೇಕು. ಬಾಕ್ಸ್ ಸ್ಪೀಕರ್ ಆದರೆ 8 ಓಮಿನ ಎರಡು ಕೂಡಿ 4 ಓಮ್. ಮೂರನೆಯದನ್ನು ಹಚ್ಚಿದರೆ 2.7ಕ್ಕೆ ಇಳಿಯುತ್ತದೆ, 4 ಓಮಿನ ಆಂಪ್ಲಿಫೈಯರ್ ಅಷ್ಟನ್ನು ತಾಳದು.

ಚಾಲೂ ಮಾಡುವ ಮೊದಲು ಎಲ್ಲ ಫೇಡರ್, ಮಾಸ್ಟರ್, ಗೇನ್, ಆಕ್ಸ್ (ಕಲಾವಿದರ ಸ್ಪೀಕರಿಗೆ, ಎಕೋಗೆ ಕಳಿಸುವ ಗುಂಡಿ) ಕೆಳಗೆ. ಈಕ್ವಲೈಸರ್ ಗುಂಡಿಗಳು ನಡುಮಧ್ಯ. ಮೊದಲು ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್. ಆರಿಸುವಾಗ ಮೊದಲು ಆಂಪ್ಲಿಫೈಯರ್, ಕೊನೆಗೆ ಮಿಕ್ಸರ್.

ಗೇನ್

ಗೇನ್ ಗುಂಡಿಯನ್ನೂ ಫೇಡರನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ಆಟಗಳು ಕೆಟ್ಟಿವೆ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ಮಿಕ್ಸರ್ ಕೆಲಸ ಮಾಡುವ ಮಟ್ಟಕ್ಕೆ ಎತ್ತುವುದು ಗೇನ್. ಎತ್ತಿದ್ದರಲ್ಲಿ ಎಷ್ಟನ್ನು ಹೊರಗೆ ಬಿಡಬೇಕೆಂದು ನಿರ್ಧರಿಸುವುದು ಫೇಡರ್. ಗೇನ್ ಹೆಚ್ಚಾಗಿ ಒಡೆದ ದನಿಯನ್ನು ಫೇಡರ್ ಇಳಿಸಿ ಸರಿಮಾಡಲಾಗದು, ಸಣ್ಣದಾಗಿ ಒಡೆದ ದನಿ ಬರುತ್ತದೆ ಅಷ್ಟೇ. ಗೇನ್ ಕಡಿಮೆ ಇಟ್ಟು ಫೇಡರ್, ಮಾಸ್ಟರ್ ಎರಡನ್ನೂ ತಲೆಗೇರಿಸಿದರೆ 'ಸ್ಸ್' ಎನ್ನುವ ಹಿಸ್ ಮುಂದೆ ಬರುತ್ತದೆ.

ಕ್ರಮ ಹೀಗೆ. ಚಾನೆಲ್ಲಿನ ಪಿಎಫ್‌ಎಲ್ ಬಟನ್ ಒತ್ತಿದರೆ ಆ ಒಂದು ಮೈಕಿನ ಮಟ್ಟ ಮಾತ್ರ ಮೀಟರಿನಲ್ಲಿ ಕಾಣುತ್ತದೆ. ಪಾತ್ರಧಾರಿಗೆ ರಂಗದ ಮೇಲೆ ಎಷ್ಟು ಆರ್ಭಟಿಸುವರೋ ಅಷ್ಟೇ ದನಿಯಲ್ಲಿ ವಚನ, ಅಂದರೆ ಆಟದ ಮಾತು, ಹೇಳಲು ಕೇಳಿಕೊಳ್ಳಿ. 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಎಂಬುದರಿಂದ ಏನೂ ತಿಳಿಯದು. ಅಲ್ಲಿ ಹೇಳುವ ದನಿಗೂ ಯುದ್ಧದ ಪ್ರಸಂಗದ ದನಿಗೂ 20 ಡೆಸಿಬೆಲ್ ಅಂತರ ಇರಬಲ್ಲದು. ಸರಾಸರಿ ದನಿ ಮೀಟರಿನ 0 ಹತ್ತಿರ, ಆರ್ಭಟ +6ರ ಹತ್ತಿರ ಬರುವಂತೆ ಗೇನ್ ಏರಿಸಿ. ಕೆಂಪು ದೀಪ ಒಮ್ಮೆಯೂ ಮಿನುಗಬಾರದು. ಡಿಜಿಟಲ್ ಮಿಕ್ಸರ್ ಆದರೆ 0 ಎಂದರೆ ಒಡೆಯುವ ಗೆರೆಯೇ, ಸರಾಸರಿಯನ್ನು −18ರ ಹತ್ತಿರ ಇಡಬೇಕು. ಬಳಿಕ ಫೇಡರನ್ನು 0 ಗುರುತಿಗೆ ತನ್ನಿ. ಆ ಗುರುತಿನ ಸುತ್ತ ಫೇಡರ್ ಒಂದಿಷ್ಟು ಸರಿದರೆ ಒಂದೆರಡು ಡೆಸಿಬೆಲ್ ಮಾತ್ರ ವ್ಯತ್ಯಾಸ. ತಳದಲ್ಲಿ ಅಷ್ಟೇ ಸರಿದರೆ ಹತ್ತು ಡೆಸಿಬೆಲ್ ಜಿಗಿಯುತ್ತದೆ. ಫೇಡರ್ 0ಯಲ್ಲಿದ್ದಾಗ ಜೋರಾಯಿತು ಎನ್ನಿಸಿದರೆ ಗೇನ್ ಮುಟ್ಟದೆ ಆಂಪ್ಲಿಫೈಯರಿನ ಗುಂಡಿ ಇಳಿಸಿ.

ಲೋ ಕಟ್ ಬಟನ್ 80 ಅಥವಾ 100 ಹರ್ಟ್ಸ್ ಕೆಳಗಿನದನ್ನು ತೆಗೆಯುತ್ತದೆ. ಕಟ್ಟಿಗೆಯ ಅಟ್ಟದ ಮೇಲೆ ಗೆಜ್ಜೆಕಾಲು ಬಡಿದಾಗ ಬರುವ 'ಧಡ ಧಡ', ಗಾಳಿಯ 'ಬುಸ್', ಎರಡೂ ಅಲ್ಲಿಯೇ ಇರುತ್ತವೆ. ಮದ್ದಳೆ, ಕೀಬೋರ್ಡ್ ಬಿಟ್ಟು ಉಳಿದೆಲ್ಲ ಚಾನೆಲ್ಲಿನಲ್ಲಿ ಅದನ್ನು ಒತ್ತಿಯೇ ಇಡುತ್ತೇನೆ.

ಎಲ್ಲಿ ಮೈಕ್, ಎಲ್ಲಿ ಸ್ಪೀಕರ್

ಸೀಟಿ, ಅಂದರೆ ಫೀಡ್‌ಬ್ಯಾಕ್, ಬಂದಾಗ ಜನ ಮಿಕ್ಸರ್ ಕಡೆ ತಿರುಗಿ ನೋಡುತ್ತಾರೆ. ಅದರ ಬೇರು ಅಟ್ಟದ ಮೇಲಿರುತ್ತದೆ. ಬಾಯಿ ಮತ್ತು ಮೈಕಿನ ದೂರ ಅರ್ಧಕ್ಕೆ ಇಳಿದರೆ ದನಿ 6 ಡೆಸಿಬೆಲ್ ಹೆಚ್ಚಾಗಿ ಸಿಗುತ್ತದೆ, ಕಾಸು ಖರ್ಚಿಲ್ಲದೆ. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಸೀಟಿಗೆ ಮುಂಚಿನ ಅವಕಾಶ 3 ಡೆಸಿಬೆಲ್ ಕುಗ್ಗುತ್ತದೆ. ಎಂಟು ಮೈಕ್ ತೆರೆದಿದ್ದರೆ ಒಂದಕ್ಕಿಂತ 9 ಡೆಸಿಬೆಲ್ ಕಡಿಮೆ. ಆದ್ದರಿಂದ ಯಾರೂ ಮಾತಾಡದ ಮೈಕ್ ಮುಚ್ಚಿರಬೇಕು. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಹಿಂದಿನ ದ್ವಾರಗಳು ಮುಚ್ಚಿ ಮೈಕ್ ಎಲ್ಲ ದಿಕ್ಕಿನಿಂದಲೂ ಕೇಳತೊಡಗುತ್ತದೆ, ಕೂಡಲೇ ಸೀಟಿ. ಇದನ್ನು ಹಾಡುವವರಿಗೆ ಮುಂಚೆಯೇ, ಗೌರವದಿಂದ, ಕೈಯಲ್ಲಿ ಹಿಡಿದು ತೋರಿಸಬೇಕು.

ಮುಖ್ಯ ಸ್ಪೀಕರ್ ಮೈಕುಗಳಿಗಿಂತ ಮುಂದೆ, ಎರಡೂವರೆಯಿಂದ ಮೂರು ಮೀಟರ್ ಎತ್ತರದಲ್ಲಿರಲಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಇದ್ದದ್ದು 32 ಮೀಟರಿನಲ್ಲಿ 80. ಸ್ಪೀಕರನ್ನು ನೆಲದ ಮೇಲಿಟ್ಟರೆ ಮುಂದಿನ ಸಾಲಿನ ಮಕ್ಕಳ ಕಿವಿ ಹರಿದು ಹಿಂದಿನವರಿಗೆ ಏನೂ ಕೇಳದು. ಎತ್ತರಕ್ಕಿಟ್ಟರೆ ಮುಂದಿನವರಿಗೂ ಹಿಂದಿನವರಿಗೂ ದೂರದ ಅನುಪಾತ ಕಡಿಮೆಯಾಗುತ್ತದೆ. ಏಪ್ರಿಲ್, ಮೇ ಸಂಜೆಯ ಬಿರುಗಾಳಿ ಹೇಳಿ ಬರುವುದಿಲ್ಲ. ಸ್ಟ್ಯಾಂಡಿನ ಮೂರೂ ಕಾಲಿಗೆ ಮರಳಿನ ಚೀಲ ಹೇರಿ, ಹಗ್ಗ ಕಟ್ಟಿಯೇ ಬಿಡಬೇಕು. ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ, ಆರಿಸಿ, ಪ್ಲಗ್ ಕಿತ್ತು ಇಡಿ.

ಕಲಾವಿದರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರನ್ನು ಮೈಕಿನ ಕಿವುಡು ಕಡೆಗೆ ಇಡಬೇಕು. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಅದು ನೇರ ಹಿಂದೆ. ಸೂಪರ್ ಕಾರ್ಡಿಯಾಯ್ಡಿಗೆ ಹಿಂದೆ ಅಲ್ಪಸ್ವಲ್ಪ ಕೇಳುತ್ತದೆ, ಕಿವುಡು ಇರುವುದು ಬದಿಯಿಂದ ಓರೆಯಾಗಿ, ಸುಮಾರು 120 ಡಿಗ್ರಿಯಲ್ಲಿ. ಪೆಟ್ಟಿಗೆಯ ಮೇಲೆ ಮೈಕಿನ ಜಾತಿ ನೋಡದೆ ಮಾನಿಟರ್ ಇಡುವವರು ಆಮೇಲೆ ಈಕ್ವಲೈಸರ್ ಜೊತೆ ಗುದ್ದಾಡುತ್ತಾರೆ. ಮಾನಿಟರಿಗೆ ಹೋಗುವ ಆಕ್ಸ್ ಪ್ರೀ–ಫೇಡರ್ (ಫೇಡರಿಗಿಂತ ಮೊದಲೇ ಕವಲೊಡೆದದ್ದು) ಆಗಿರಲಿ, ಜನರ ಕಡೆಯ ಫೇಡರ್ ಸರಿಸಿದರೆ ಕಲಾವಿದರಿಗೆ ಕೇಳುವುದು ಬದಲಾಗಬಾರದು. ಎಕೋಗೆ ಹೋಗುವುದು ಪೋಸ್ಟ್–ಫೇಡರ್, ಅಂದರೆ ಫೇಡರ್ ದಾಟಿದ ಮೇಲಿನದು.

ದೊಡ್ಡಾಟಕ್ಕೆ ನನ್ನ ಹಂಚಿಕೆ: ಅಟ್ಟದ ಮುಂದಂಚಿಗೆ ಮೂರು ಮೈಕ್, ಅಡಿಯಲ್ಲಿ ಫೋಮಿನ ತುಂಡು. ಮೈಕಿಂದ ಮೈಕಿಗೆ ಅಂತರ, ಮೈಕಿಂದ ಬಾಯಿಗಿರುವ ದೂರದ ಮೂರು ಪಟ್ಟಾದರೂ ಇರಬೇಕು. ಹತ್ತಿರ ಹತ್ತಿರ ಇಟ್ಟರೆ ಒಂದೇ ದನಿ ಎರಡರಲ್ಲೂ ಚೂರು ಹಿಂದುಮುಂದಾಗಿ ಬಂದು ಟೊಳ್ಳಾಗಿ ಕೇಳುತ್ತದೆ. ಹಾರ್ಮೋನಿಯಂಗೆ ಒಂದು, ರೀಡುಗಳ ಮೇಲಿಂದ 20–30 ಸೆಂಟಿಮೀಟರ್ ದೂರ, ತಿದಿಯ ಗಾಳಿ ತಾಗದ ಕಡೆ. ಮದ್ದಳೆಗೆ ಒಂದು, ಹಿಮ್ಮೇಳದ ಹಾಡಿಗೆ ಒಂದು. ತಾಳಕ್ಕೆ ಮೈಕ್ ಕೊಡುವುದೇ ಇಲ್ಲ. ಕೇಳುವವರು ಎಷ್ಟೇ ಒತ್ತಾಯಿಸಲಿ, ತಾಳ ತಾನಾಗಿಯೇ ಎಲ್ಲ ಮೈಕಿನಲ್ಲೂ ನುಗ್ಗಿ ಬರುತ್ತದೆ, ಅದನ್ನು ತಡೆಯುವುದೇ ದೊಡ್ಡ ಕೆಲಸ. ತೊಗಲುಗೊಂಬೆ ಆಟದಲ್ಲಿ ಆಡಿಸುವವರು ಪರದೆಯ ಹಿಂದೆ ಕೂತು ಕೈ, ತಲೆ, ಮೈಯೆಲ್ಲ ಆಡಿಸುತ್ತ ಹಾಡುತ್ತಾರೆ. ಅಲ್ಲಿ ನೆಲದ ಸ್ಟ್ಯಾಂಡ್ ಅಡ್ಡ ಬರುತ್ತದೆ, ಅದರ ನೆರಳು ಪರದೆಯ ಮೇಲೆ ಬೀಳುತ್ತದೆ. ಬದಿಯಿಂದ ಬೂಮ್ ಚಾಚಿ, ದೀಪಕ್ಕಿಂತ ಹಿಂದೆ, ಎದೆಮಟ್ಟದಲ್ಲಿ ಮೈಕ್ ನಿಲ್ಲಿಸಿದರೆ ಗೊಂಬೆಗೂ ದನಿಗೂ ತೊಡಕಿಲ್ಲ.

ಸೀಟಿಯ ಜಾಗ ಹುಡುಕುವುದು ಜನ ಸೇರುವ ಮೊದಲಿನ ಕೆಲಸ. ಎಲ್ಲ ಮೈಕ್ ಆಟದಲ್ಲಿರುವಂತೆಯೇ ತೆರೆದು, ಮಾಸ್ಟರನ್ನು ನಿಧಾನಕ್ಕೆ ಏರಿಸಿ. ಮೊದಲ ಸೀಟಿ ಶುರುವಾಗುವಲ್ಲಿ ನಿಲ್ಲಿ. 'ಊಂ' ಎಂದು ಗುಡುಗಿದರೆ 250 ಹರ್ಟ್ಸ್ ಸುತ್ತ, 'ಕೂ' ಎಂದರೆ 800ರಿಂದ 1,000, 'ಕೀ' ಎಂದು ಕಿವಿ ಚುಚ್ಚಿದರೆ 2,500ರಿಂದ 4,000. 31 ಬ್ಯಾಂಡಿನ ಗ್ರಾಫಿಕ್ ಈಕ್ವಲೈಸರಿನಲ್ಲಿ ಆ ಒಂದು ಕಡ್ಡಿಯನ್ನು 3 ಡೆಸಿಬೆಲ್ ಇಳಿಸಿ, ಸಾಲದಿದ್ದರೆ 6. ಮತ್ತೆ ಏರಿಸಿ, ಮುಂದಿನದನ್ನು ಹುಡುಕಿ. ನಾಲ್ಕೈದು ಕಡ್ಡಿ ಇಳಿಸಿದರೂ ಸೀಟಿ ನಿಲ್ಲದಿದ್ದರೆ ಈಕ್ವಲೈಸರ್ ಬಿಟ್ಟು ಸ್ಪೀಕರಿನ ಜಾಗ ಬದಲಿಸಿ. ಇನ್ನೂ ಕೊರೆದರೆ ದನಿಯೇ ಸತ್ತುಹೋಗುತ್ತದೆ. ಕೊನೆಗೆ ಮಾಸ್ಟರನ್ನು ಸೀಟಿ ಬಂದ ಮಟ್ಟದಿಂದ 6 ಡೆಸಿಬೆಲ್ ಕೆಳಗಿಳಿಸಿ, ಅದಕ್ಕಿಂತ ಮೇಲೆ ಹೋಗದಂತೆ ಟೇಪಿನ ಗುರುತು ಹಚ್ಚಿ. ಈ ಕೆಲಸ ಮಾಡುವಾಗ ಒಂದು ಕೈ ಮಾಸ್ಟರ್ ಮೇಲೆಯೇ ಇರಲಿ, ಸ್ಪೀಕರ್ ಮುಂದೆ ಯಾರೂ ನಿಲ್ಲದಿರಲಿ.

ಉಳಿದ ಈಕ್ವಲೈಸರ್ ಬಗ್ಗೆ ಹೇಳುವುದು ಕಡಿಮೆ: ಏರಿಸುವುದಕ್ಕಿಂತ ಇಳಿಸಿ ಕೇಳಿ. ದನಿ ಮಡಕೆಯೊಳಗಿಂದ ಬಂದಂತಿದ್ದರೆ 300–400 ಹರ್ಟ್ಸ್ ಸ್ವಲ್ಪ ಇಳಿಸಿ. ಎಕೋ ಜಾಸ್ತಿ ಮಾಡಿ ಎಂದು ಆಯೋಜಕರು ಹೇಳುವುದು ಎಲ್ಲ ಊರಲ್ಲೂ ಇದೆ. ಪದಕ್ಕೆ ಒಂದಿಷ್ಟು ಕೊಡುತ್ತೇನೆ. ವಚನಕ್ಕೆ ಕೊಡುವುದಿಲ್ಲ, ಮಾತು ಅರ್ಥವಾಗದ ಬಯಲಾಟ ಯಾರಿಗೂ ಬೇಡ.

ಕೊಪ್ಪಳದ ಗವಿಮಠದ ಜಾತ್ರೆಯಂಥ ದೊಡ್ಡ ಬಯಲಿಗೆ ನಡುವೆ ಇನ್ನೊಂದು ಜೋಡಿ ಸ್ಪೀಕರ್ ಬೇಕು, ಅದಕ್ಕೆ ಡಿಲೇ ಕೊಡಬೇಕು, ಅಂದರೆ ವೇದಿಕೆಯ ಸದ್ದು ಅಲ್ಲಿಗೆ ಮುಟ್ಟುವಷ್ಟು ಹೊತ್ತು ತಡಮಾಡಿ ಕಳಿಸಬೇಕು. ಗಾಳಿಯಲ್ಲಿ ಸದ್ದಿನ ವೇಗ ಬಿಸಿಲಿಗೆ ತಕ್ಕಂತೆ ಬದಲಾಗುತ್ತದೆ: 15 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, 40 ಡಿಗ್ರಿಯಲ್ಲಿ 355. ಸ್ಪೀಕರ್ 30 ಮೀಟರ್ ಮುಂದಿದ್ದರೆ ಜನವರಿಯ ರಾತ್ರಿ 88 ಮಿಲಿಸೆಕೆಂಡ್, ಮೇ ತಿಂಗಳ ಸಂಜೆ 85. ಅದರ ಮೇಲೆ ಇನ್ನೊಂದು 10 ಮಿಲಿಸೆಕೆಂಡ್ ಸೇರಿಸಿದರೆ ದನಿ ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ.

ಎಷ್ಟು ಜೋರು, ಎಷ್ಟು ಹೊತ್ತು

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಿನಲ್ಲಿ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರ ತನಕ ಸರ್ಕಾರ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬಹುದು, ಜಾಗ ನೋಡಿಯೇ ಒಪ್ಪಿಕೊಳ್ಳಿ. ಇಡೀ ರಾತ್ರಿಯ ಆಟ ಒಪ್ಪಿಕೊಳ್ಳುವ ಮೊದಲು ಅನುಮತಿ ಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳುತ್ತೇನೆ. 12ರ ನಂತರ ಮೇಳದವರು ಧ್ವನಿವರ್ಧಕವಿಲ್ಲದೆ ಆಡಿದರೆ, ಅಟ್ಟದ ಸುತ್ತ ಕೂತವರಿಗೆ ಅದೂ ಚೆನ್ನಾಗಿ ಕೇಳುತ್ತದೆ.

ಮಿಕ್ಸರ್ ಮುಂದೆ ಕೂರುವವರ ಕಿವಿಯದೂ ಒಂದು ಲೆಕ್ಕವಿದೆ. 85 ಡೆಸಿಬೆಲ್ಲಿಗೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ: 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಬೆಳಗಿನ ಜಾವ ದಣಿದ ಕಿವಿಗೆ ಎಲ್ಲವೂ ಮಂಕಾಗಿ ಕೇಳಿ ಕೈ ತಾನಾಗಿಯೇ ಟ್ರೆಬಲ್ ಏರಿಸುತ್ತದೆ. ಹಾಗನ್ನಿಸಿದಾಗ ಗುಂಡಿ ಮುಟ್ಟದೆ ಹತ್ತು ನಿಮಿಷ ದೂರ ಹೋಗಿ ಬನ್ನಿ, ಅಷ್ಟು ಹೊತ್ತು ಸಹಾಯಕರು ಕೂರಲಿ.

ಬಿಸಿಲು, ದೂಳು

ಬಹುತೇಕ ಮಿಕ್ಸರ್‌ಗಳ ಕೈಪಿಡಿಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಎಂದಿರುತ್ತದೆ. ರಾಯಚೂರು, ಬಳ್ಳಾರಿಯ ಬೇಸಗೆಯಲ್ಲಿ ನೆರಳೇ ಅದನ್ನು ದಾಟುತ್ತದೆ. ಮಧ್ಯಾಹ್ನ ಕಟ್ಟುವಾಗ ಕಪ್ಪು ಕವಚದ ಮಿಕ್ಸರಿಗೆ ಬಿಳಿ ಬಟ್ಟೆಯ ನೆರಳು, ಅಡಿಗೆ ಗಾಳಿಯಾಡಲು ಎರಡು ಹಲಗೆ ತುಂಡು. ಚಾಲೂ ಇರುವಾಗ ಪ್ಲಾಸ್ಟಿಕ್ ಹೊದಿಸಬಾರದು, ಉಸಿರುಕಟ್ಟಿ ಕಾಯುತ್ತದೆ. ಚಾನೆಲ್ ಹೆಸರು ಬರೆಯಲು ಕಾಗದದ ಮಾಸ್ಕಿಂಗ್ ಟೇಪ್ ಬಳಸಿ. ಸೆಲ್ಲೋಟೇಪಿನ ಅಂಟು ಬಿಸಿಲಿಗೆ ಕರಗಿ ಫೇಡರ್ ಸಂದಿಗೆ ಇಳಿಯುತ್ತದೆ.

ಸಂಡೂರು ಕಡೆಯ ಅದಿರಿನ ಕೆಂಪು ದೂಳು, ಎರೆ ಹೊಲದ ಕರಿ ದೂಳು ಎರಡೂ ನುಣುಪು, ಫೇಡರಿನ ಸೀಳಿನಲ್ಲಿ ಕೂತು 'ಕರ ಕರ' ಹುಟ್ಟಿಸುತ್ತವೆ. ಆಟ ಮುಗಿದ ಮೇಲೆ, ಪ್ಲಗ್ ಕಿತ್ತು, ಮೆತ್ತನೆಯ ಬ್ರಶ್ಶಿನಿಂದ ಮೇಲಿನ ದೂಳು ತೆಗೆದು ಬ್ಲೋಅರಿನಿಂದ ಓರೆಯಾಗಿ ಊದಬೇಕು. ನೇರ ಊದಿದರೆ ದೂಳು ಇನ್ನೂ ಒಳಗೆ ಹೋಗುತ್ತದೆ. ಕರಕರ ಉಳಿದರೆ ಫೇಡರಿಗೆಂದೇ ಮಾಡಿದ ಕ್ಲೀನರ್ ಒಂದು ಚಿಮ್ಮು ಸಾಕು, ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಸರಿಸಿ ಒಣಗಲು ಬಿಡಿ. ತುಕ್ಕು ಬಿಡಿಸುವ ಸಾಮಾನ್ಯ ಸ್ಪ್ರೇ ಹೊಡೆದರೆ ಫೇಡರಿನೊಳಗಿನ ಗ್ರೀಸ್ ತೊಳೆದುಹೋಗಿ, ಉಳಿದ ಎಣ್ಣೆಗೆ ಇನ್ನಷ್ಟು ದೂಳು ಅಂಟುತ್ತದೆ.

ಕೇಬಲ್ ಸುತ್ತುವಾಗ ಒಂದು ಸುತ್ತು ಮೇಲಿಂದ, ಮುಂದಿನದು ಅಡಿಯಿಂದ ಹಾಕಿದರೆ ಒಳಗಿನ ಎಳೆ ತಿರುಚುವುದಿಲ್ಲ. ಮೊಣಕೈಗೆ ಬಿಗಿದು ಸುತ್ತಿದ ಕೇಬಲ್ ಕನೆಕ್ಟರಿನಿಂದ ಎರಡು ಇಂಚಿನೊಳಗೆ ಒಡೆಯುತ್ತದೆ. ಆಟದಲ್ಲಿ ಕೈಕೊಟ್ಟ ಕೇಬಲ್ಲಿನ ನಡುವೆ ಅಲ್ಲೇ ಒಂದು ಗಂಟು ಹಾಕಿ ಬೇರೆ ಚೀಲಕ್ಕೆ ಎಸೆಯಿರಿ. ಮರುದಿನ ಮೀಟರನ್ನು ಕಂಟಿನ್ಯೂಯಿಟಿಗೆ ಇಟ್ಟು 1ಕ್ಕೆ 1, 2ಕ್ಕೆ 2, 3ಕ್ಕೆ 3 ನೋಡುತ್ತ ತುದಿಯನ್ನು ಅಲುಗಾಡಿಸಿ. ಬೀಪ್ ತುಂಡು ತುಂಡಾದ ಕಡೆ ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, 1 ಮತ್ತು 2ರ ನಡುವೆ, 1 ಮತ್ತು 3ರ ನಡುವೆ ಬೀಪ್ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗಂಟು ಬಿಚ್ಚಿ ಪೆಟ್ಟಿಗೆಗೆ ಹಾಕಿ.